ಗಾಜಿನ ಹೊಟ್ಟೆ

ವ್ಯಾನು ಸ್ಫಾಕ್ಸ್ ನಗರದ ಆಲಿವ್ ತೋಪುಗಳನ್ನು ದಾಟಿ ಬೋಳು ಬಯಲಿಗೆ ಇಳಿಯುವ ಹೊತ್ತಿಗೆ ಶಾದ್ಲಿಗೆ ಹೊಟ್ಟೆಯಲ್ಲಿ ಉರಿ ಶುರುವಾಗಿತ್ತು. ಅವನ ಬಳಿ ಈಗ ಎರಡು ಹೊಟ್ಟೆಗಳಿದ್ದವು. ಒಂದು ದೇವರು ಕೊಟ್ಟದ್ದು, ಬೆಳಗಿನಿಂದ ಬರಿದಾಗಿ ಹುಳಿತೇಗು ತರಿಸುತ್ತಿದ್ದದ್ದು. ಇನ್ನೊಂದು ಗಾಜಿನದು, ಜರ್ಮನಿಯಿಂದ ತರಿಸಿದ್ದು, ಸರ್ಕಾರದ ಸ್ವತ್ತು ಎಂದು ಬೆನ್ನಿಗೆ ಚೀಟಿ ಅಂಟಿಸಿಕೊಂಡದ್ದು. ಅದನ್ನು ಕಂಬಳಿಯಲ್ಲಿ ಸುತ್ತಿ ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಮುಂದಿನ ಸೀಟಿನಲ್ಲಿ ಪ್ರಯೋಗಾಲಯದ ನಿರ್ದೇಶಕ ತೈಯಬ್ ಸಾಹೇಬರು ಸೂರ್ಯಕಾಂತಿ ಬೀಜ ಬಿಡಿಸಿ ಸಿಪ್ಪೆಯನ್ನು ಕಿಟಕಿಯಾಚೆ ಎಸೆಯುತ್ತಿದ್ದರು. ಅದರಲ್ಲಿ ಅರ್ಧ ಗಾಳಿಗೆ ಹಿಂದಕ್ಕೆ ಬಂದು ಶಾದ್ಲಿಯ ಕೋಟಿಗೆ ಅಂಟಿಕೊಳ್ಳುತ್ತಿತ್ತು. ಸಾರ್, ಸಿಪ್ಪೆ ನನ್ನ ಮೇಲೆ ಬೀಳ್ತಿದೆ ಎಂದು ಹೇಳಬೇಕೆಂದುಕೊಂಡ. ವಾಕ್ಯವನ್ನು ಮನಸ್ಸಿನಲ್ಲಿ ಮೂರ್ನಾಲ್ಕು ಥರ ತಿದ್ದಿದ. ಕೊನೆಗೆ ಸಿಪ್ಪೆಗಳನ್ನು ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡ, ಯಾವುದೋ ಮಾದರಿ ಸಂಗ್ರಹಿಸುತ್ತಿರುವವನಂತೆ.

ತಾನು ಮಾಡುವ ಕೆಲಸವನ್ನು ಯಾರಿಗಾದರೂ ವಿವರಿಸುವುದೆಂದರೆ ಅವನಿಗೆ ಯಾವಾಗಲೂ ಸಂಕಟ. ಮದುವೆಗೆ ಮುಂಚೆ ಹೆಣ್ಣು ಕೇಳಲು ಹೋದಾಗ ಭಾವೀ ಮಾವ ಚಹಾ ಹೀರುತ್ತಾ, "ಏನು ಉದ್ಯೋಗ ಮಗಾ?" ಎಂದಿದ್ದರು. ಶಾದ್ಲಿ ತಡವರಿಸಿ, "ಹೊಟ್ಟೆಗೆ ಸಂಬಂಧಪಟ್ಟದ್ದು" ಎಂದಿದ್ದ. "ಓಹೋ, ಅಡುಗೆಯವನು" ಎಂದು ಅವರು ಸಮಾಧಾನಪಟ್ಟುಕೊಂಡಿದ್ದರು. ಅಡುಗೆಯೇ ಅಂದರೂ ತಪ್ಪಿಲ್ಲ. ಗಾಜಿನ ಪಾತ್ರೆಗೆ ಒಂದು ಚಿಟಿಕೆ ಮಣ್ಣು ಹಾಕುವುದು, ತಾನೇ ಬೆರೆಸಿದ ಎಂಜಲು ಸುರಿಯುವುದು, ಆಮೇಲೆ ಜಠರದ ಆಮ್ಲ, ಆಮೇಲೆ ಪಿತ್ತ. ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಕಲಕುತ್ತಾ ಕಾಯುವುದು. ಮಣ್ಣಿನಲ್ಲಿದ್ದ ಯುರೇನಿಯಂ, ರೇಡಿಯಂಗಳಲ್ಲಿ ಎಷ್ಟು ಪಾಲು ಕರಗಿ ರಸಕ್ಕೆ ಇಳಿಯಿತು ಎಂದು ಕೊನೆಗೆ ಅಳೆಯುವುದು. ಕರಗದ್ದು ಮಲದಲ್ಲಿ ಹೊರಗೆ ಹೋಗುತ್ತದೆ, ಅದರ ಚಿಂತೆಯಿಲ್ಲ. ಕರಗಿದ್ದು ರಕ್ತಕ್ಕೆ ಇಳಿದು ಮೂಳೆ ಹುಡುಕಿಕೊಂಡು ಹೋಗಿ ಬಾಡಿಗೆ ಕೊಡದ ಬಿಡಾರ ಹೂಡುತ್ತದೆ. ಮನುಷ್ಯನ ಮೇಲೆ ಈ ಪ್ರಯೋಗ ಮಾಡುವ ಹಾಗಿಲ್ಲವಾದ್ದರಿಂದ ಗಾಜಿನ ಹೊಟ್ಟೆ. ಅದಕ್ಕೆ ನೋವಿಲ್ಲ, ದೂರು ಕೊಡುವುದಿಲ್ಲ, ಸಾಹೇಬರು ಹೇಳಿದ್ದನ್ನು ಅರಗಿಸಿಕೊಳ್ಳುತ್ತದೆ. ಒಮ್ಮೊಮ್ಮೆ ಶಾದ್ಲಿಗೆ ಅದರ ಮೇಲೆ ಅಣ್ಣತಮ್ಮಂದಿರ ಮೇಲಿರುವಂಥ ಮಮತೆ ಬರುತ್ತಿತ್ತು.

ಈ ಸಲದ ಮಣ್ಣು ಅವನ ಹುಟ್ಟೂರಿನದು. ಫಾಸ್ಫೇಟ್ ಗಣಿಯ ಊರು. ಗಣಿ ತೊಳೆದು ಬಿಸುಟ ಬೂದುಮಣ್ಣಿನ ಗುಡ್ಡ ಊರಿನ ಬೆನ್ನಿಗೆ ಅಂಟಿಕೊಂಡು ಬೆಳೆದಿತ್ತು. ಗುಡ್ಡದ ಬುಡದಲ್ಲೇ ಶಿಶುವಿಹಾರ. ಅಲ್ಲಿನ ಅಂಗಳದ ಮಣ್ಣನ್ನು ಮಕ್ಕಳು ಆಡುತ್ತಾ ತಿನ್ನುತ್ತಾರೆ, ಶಿಶುವಿಹಾರವನ್ನು ಗಣಿ ಕಂಪನಿಯ ಅಧಿಕಾರಿಗಳ ಹಳೆಯ ಕ್ಲಬ್ಬಿಗೆ ಸ್ಥಳಾಂತರಿಸಿ ಎಂದು ತಾಯಂದಿರು ರೈಲು ಹಳಿಯ ಮೇಲೆ ಕೂತು ಗಲಾಟೆ ಮಾಡಿದ್ದರು. ಕ್ಲಬ್ಬಿನಲ್ಲಿ ಈಗ ಯಾರೂ ಇಲ್ಲ. ಒಂದು ಬಿಲಿಯರ್ಡ್ಸ್ ಮೇಜು, ಒಬ್ಬ ಕಾವಲುಗಾರ, ಬೋಗನ್‌ವಿಲಿಯಾ ಬಳ್ಳಿ, ಅಷ್ಟೇ. ಆದರೂ ಕೊಡಲು ಕಂಪನಿಗೆ ಮನಸ್ಸಿಲ್ಲ. ಮಣ್ಣಿನಲ್ಲಿ ಕರಗುವ ಪಾಲು ನೂರಕ್ಕೆ ಹತ್ತನ್ನು ಮೀರಿದರೆ ಜಾಗ ಬದಲಾಯಿಸುವುದು, ಇಲ್ಲದಿದ್ದರೆ ಇಲ್ಲ ಎಂದು ಮೇಲಿನವರು ತೀರ್ಮಾನಿಸಿದ್ದರು. ಶಾದ್ಲಿಯ ಗಾಜಿನ ಹೊಟ್ಟೆ ಇಪ್ಪತ್ತೆರಡು ಎಂದು ಹೇಳಿತು.

"ಏನ್ರೀ ಇದು ಇಪ್ಪತ್ತೆರಡು?" ಎಂದು ತೈಯಬ್ ಸಾಹೇಬರು ಕನ್ನಡಕವನ್ನು ಹಣೆಗೇರಿಸಿ ಕೇಳಿದ್ದರು. "ನಿಮ್ಮ ಹೊಟ್ಟೆ ಬೆಳಿಗ್ಗೆ ಏನು ತಿಂದಿತ್ತು?"

"ಏನೂ ಇಲ್ಲ ಸಾರ್. ಹಸಿದ ಹೊಟ್ಟೆಯಲ್ಲೇ ಮಾಡೋದು. ಆಗಲೇ ಆಮ್ಲ ಜಾಸ್ತಿ ಇರೋದು, ಜಾಸ್ತಿ ಕರಗೋದು."

"ಅಲ್ರೀ, ತಾಯಂದಿರಿರೋ ಮನೇಲಿ ಮಕ್ಕಳನ್ನ ಉಪವಾಸ ಕಳಿಸ್ತಾರಾ? ನಮ್ಮ ದೇಶ ಅಷ್ಟು ಕೆಟ್ಟುಹೋಯ್ತಾ? ಪಾಪ, ಅದಕ್ಕೂ ಒಂಚೂರು ತಿಂಡಿ ತಿನ್ನಿಸಿ."

ತಿನ್ನಿಸಿದ. ಹಾಲಿನ ಪುಡಿ, ಹುರಿದ ಗೋಧಿಹಿಟ್ಟಿಗೆ ಆಲಿವ್ ಎಣ್ಣೆ ಕಲಸಿದ ಬ್ಸೀಸಾ. ಹೊಟ್ಟೆ ತುಂಬಿದ್ದೇ ತಡ, ಗಾಜು ಸಂತೃಪ್ತಿಯಿಂದ ಮಂಜಾಯಿತು, ಆಮ್ಲ ಇಳಿಯಿತು, ಸಂಖ್ಯೆ ಎಂಟಕ್ಕೆ ಬಂತು. ಇದೂ ಪುಸ್ತಕಗಳಲ್ಲಿರುವ ವಿಧಾನವೇ, ಸುಳ್ಳಲ್ಲ ಎಂದು ಶಾದ್ಲಿ ಹೆಂಡತಿಗೆ ಹೇಳಿದ. ಅವಳು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ವರದಿಯಲ್ಲಿ ಮೊದಲು ಎರಡೂ ಸಂಖ್ಯೆಗಳಿದ್ದವು, ಆಮೇಲೆ ಇಪ್ಪತ್ತೆರಡು ಅಡಿಟಿಪ್ಪಣಿಗೆ ಇಳಿಯಿತು, ಆಮೇಲೆ ಪುಟ ಉಳಿಸುವ ಸಲುವಾಗಿ ಅಡಿಟಿಪ್ಪಣಿಗಳನ್ನೇ ತೆಗೆದರು. ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ ಯಾವ ಮೆಟ್ಟಿಲೂ ಎತ್ತರವಿರಲಿಲ್ಲ. ಅವನ ಚಿಕ್ಕಂದಿನಲ್ಲಿ ಅಮ್ಮ ಬೆಳಿಗ್ಗೆ ಸಣ್ಣ ಗಾಜಿನ ಲೋಟದಲ್ಲಿ ಕರಿ ಚಹಾ ಕೊಡುತ್ತಿದ್ದಳು, ಸಕ್ಕರೆ ಜಾಸ್ತಿ ಹಾಕಿ. "ಇದು ಹೊಟ್ಟೆ ಕಟ್ಟತ್ತೆ, ಮಧ್ಯಾಹ್ನದವರೆಗೆ ಏನೂ ಬೇಡ" ಎನ್ನುತ್ತಿದ್ದಳು. ಬೀದಿಯ ಎಲ್ಲ ಮನೆಗಳಲ್ಲೂ ಅದೇ ಚಹಾ, ಅದೇ ಮಾತು. ಅಕ್ಕನ ಕೈ ಹಿಡಿದು ಶಾಲೆಗೆ ಹೋಗುವಾಗ ಹೊಟ್ಟೆಯೊಳಗೆ ಚಹಾ ಕುಲುಕಾಡುವುದು ಕೇಳಿಸುತ್ತಿತ್ತು. ವ್ಯಾನು ಗುಂಡಿಗೆ ಬಿದ್ದು ಎದ್ದಿತು. ಶಾದ್ಲಿ ಬೆಚ್ಚಿ ಪಾತ್ರೆಯನ್ನು ಎದೆಗೆ ಅವಚಿಕೊಂಡ.

"ಹುಷಾರು ಕಣ್ರೀ, ನಿಮಗಿಂತ ದುಬಾರಿ ಅದು" ಎಂದು ತೈಯಬ್ ಸಾಹೇಬರು ಹಿಂತಿರುಗಿ ನಕ್ಕರು. ಶಾದ್ಲಿಯೂ ನಕ್ಕ. ನಗು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಂತು.

ಊರಿನ ಯುವಜನ ಕೇಂದ್ರದ ಸಭಾಂಗಣ ವರದಿ ಕೇಳಲು ಬಂದವರಿಂದ ಕಿಕ್ಕಿರಿದಿತ್ತು. ಮುಂದಿನ ಸಾಲಿನ ನಟ್ಟನಡುವೆ ಅಕ್ಕ ಮಬ್ರೂಕಾ ಹಬ್ಬದ ಸ್ಕಾರ್ಫ್ ಕಟ್ಟಿ, ಅಕ್ಕಪಕ್ಕದವರ ಭುಜ ತಿವಿದು "ನನ್ನ ತಮ್ಮ, ನನ್ನ ತಮ್ಮ" ಎಂದು ತೋರಿಸುತ್ತಿದ್ದಳು. ಶಾದ್ಲಿಗೆ ಅವಳು ಅಲ್ಲಿ ಕೂತದ್ದು ಸಂತೋಷವಾಯಿತು, ಅವಳು ಬಾರದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು. ಎಲ್ಲರ ಹಲ್ಲುಗಳೂ ಕಂದು. ಇಲ್ಲಿನ ನೀರು ಕುಡಿದು ಬೆಳೆದವರ ಹಲ್ಲು ಹಾಗೆಯೇ, ಊರಿನ ಗುರುತುಚೀಟಿಯಂತೆ. ಅವನು ಸ್ಫಾಕ್ಸ್‌ನಲ್ಲಿ ನೌಕರಿ ಸಿಕ್ಕ ವರ್ಷ ಮುಂದಿನ ಹಲ್ಲುಗಳಿಗೆ ಬಿಳಿ ಟೊಪ್ಪಿಗೆ ಹಾಕಿಸಿಕೊಂಡಿದ್ದ. ಆದ್ದರಿಂದ ಊರಿಗೆ ಬಂದಾಗಲೆಲ್ಲ ತುಟಿ ಮುಚ್ಚಿ ನಗುವ ಅಭ್ಯಾಸವಾಗಿತ್ತು. ಸ್ಫಾಕ್ಸ್‌ನಲ್ಲಿ ಮೊದಲು ಕಂದು ಹಲ್ಲಿಗಾಗಿ ತುಟಿ ಮುಚ್ಚುತ್ತಿದ್ದವನು ಇಲ್ಲಿ ಬಿಳಿ ಹಲ್ಲಿಗಾಗಿ ಮುಚ್ಚುತ್ತಿದ್ದ. ಒಟ್ಟಿನಲ್ಲಿ ಅವನ ನಗು ಯಾವ ಊರಿನಲ್ಲೂ ಪೂರ್ತಿ ಹೊರಬಂದಿರಲಿಲ್ಲ.

ತೈಯಬ್ ಸಾಹೇಬರು ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಗಾಜಿನ ಪಾತ್ರೆಯನ್ನು ನಿಲ್ಲಿಸಿ, ವಿಜ್ಞಾನದ ಬಗ್ಗೆ, ರಾಷ್ಟ್ರದ ಬಗ್ಗೆ, ತಾಯ್ತನದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಆಮೇಲೆ ಶಾದ್ಲಿಯನ್ನು ಮುಂದೆ ತಳ್ಳಿದರು. ಅವನು ಒಂದು ವಾಕ್ಯವನ್ನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ. 'ಆದರೆ ಈ ಸಂಖ್ಯೆ ಊಟವಾದ ಹೊಟ್ಟೆಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಗಮನಿಸಬೇಕು.' ಮೃದುವಾದ ವಾಕ್ಯ. ಯಾರಿಗೂ ನೋವಾಗದಂಥದ್ದು. ಎಂಟು ಎಂದ ಕೂಡಲೇ ಅದನ್ನು ಹೇಳಿಬಿಡುವುದು ಎಂದು ನಿಶ್ಚಯಿಸಿದ್ದ. ಎಂಟು ಎಂದ. ತೈಯಬ್ ಸಾಹೇಬರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲಲಿ ಎಂದು ಶಾದ್ಲಿ ಕಾದ.

ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ಎದ್ದು ನಿಂತಳು. ಶಿಶುವಿಹಾರದ ಟೀಚರ್ ದಲೆಂದಾ. ತೆಳ್ಳನೆಯ ಹೆಂಗಸು, ಮೂವತ್ತರ ಆಸುಪಾಸು, ದಿನವಿಡೀ ಮಕ್ಕಳ ಮೇಲೆ ಕೂಗಿ ಕೂಗಿ ಒಡೆದ ದನಿ.

"ಡಾಕ್ಟ್ರೇ, ನನಗೆ ನೂರು, ಎಂಟು ಎಲ್ಲ ತಿಳಿಯಲ್ಲ. ನಿಮ್ಮ ಗಾಜಿಗೆ ಹೊಟ್ಟೆನೋವು ಬರತ್ತಾ?"

ಜನ ನಕ್ಕರು.

"ಅದು ಬರೀ ಯಂತ್ರ..." ಎಂದ ಶಾದ್ಲಿ.

"ಅದೇ ಹೇಳ್ತಿರೋದು. ನಮ್ಮ ಮಕ್ಕಳು ಯಂತ್ರ ಅಲ್ಲ. ನೀವೂ ಈ ಊರಿನವರೇ ಅಂತೆ. ಹಲ್ಲೇನೋ ಬದಲಾಯಿಸ್ಕೊಂಡ್ರಿ. ಹೊಟ್ಟೇನೂ ಬದಲಾಯಿಸ್ಕೊಂಡ್ರಾ?"

ಈ ಸಲದ ನಗು ಛಾವಣಿಗೆ ತಾಗಿತು. ಶಾದ್ಲಿ ತುಟಿ ಮುಚ್ಚಿದ. ಮಬ್ರೂಕಾ ಎದ್ದು ಹಿಂತಿರುಗಿ, "ಏ ಹುಡುಗೀ, ನಾಲಗೆ ಹಿಡಿದು ಮಾತಾಡು! ಇದೇ ಮಣ್ಣು ತಿಂದು ಬೆಳೆದೋನು ಅವನು!" ಎಂದು ಗದರಿದಳು. ತಮ್ಮನನ್ನು ಕಾಪಾಡಲೆಂದು ಆಡಿದ ಮಾತು. ತೈಯಬ್ ಸಾಹೇಬರ ಕಣ್ಣು ಹೊಳೆದದ್ದನ್ನು ಶಾದ್ಲಿ ನೋಡಿದ.

"ಕೇಳಿದಿರಾ? ಇದೇ ಮಣ್ಣು ತಿಂದು ಬೆಳೆದವರು! ಇವತ್ತು ಡಾಕ್ಟರ್ ಆಗಿ ನಿಂತಿದಾರೆ!"

"ಹಾಗಾದ್ರೆ ಈಗಲೂ ತಿನ್ನಲಿ" ಎಂದು ಗಂಡಸರ ಕಡೆಯಿಂದ ಒಂದು ದನಿ. "ತಿನ್ನಲಿ, ತಿನ್ನಲಿ" ಎಂದು ಹಲವು ದನಿಗಳು. ಮೇಜಿನ ಮೇಲೆ ಪ್ರದರ್ಶನಕ್ಕೆಂದು ಇಟ್ಟಿದ್ದ ಮಣ್ಣಿನ ಡಬ್ಬಿ ಇತ್ತು. ಚಹಾದ ಟ್ರೇಯಿಂದ ಯಾರೋ ಒಂದು ಚಮಚ ಎತ್ತಿ ಕೊಟ್ಟರು. ಶಾದ್ಲಿ ತೈಯಬ್ ಸಾಹೇಬರ ಕಡೆ ನೋಡಿದ. ಅವರು ಬೇಡ ಎನ್ನುತ್ತಾರೆ, ಇದು ವೈಜ್ಞಾನಿಕವಲ್ಲ ಎನ್ನುತ್ತಾರೆ, ಆಮೇಲೆ ತಾನು ಆ ಮೃದುವಾದ ವಾಕ್ಯ ಹೇಳುತ್ತೇನೆ ಎಂದುಕೊಂಡ. ಅವರು ಮದುವೆಮನೆಯಲ್ಲಿ ಅತಿಥಿಗೆ ಇನ್ನೊಂದು ಸಿಹಿ ಬಡಿಸಿ ಅನ್ನುವವರ ಹಾಗೆ ತಲೆಯಾಡಿಸಿದರು.

ಮಣ್ಣು ಬಾಯಿಗೆ ಬಿದ್ದಾಗ ಅವನಿಗೆ ಆಶ್ಚರ್ಯವಾಯಿತು. ರುಚಿ ನೆನಪಿತ್ತು. ಉಪ್ಪಲ್ಲದ ಉಪ್ಪು, ಮಳೆ ಬಿದ್ದ ಗೋಡೆಯ ವಾಸನೆ, ನಾಲಗೆಯ ಬದಿಯಲ್ಲಿ ಸಣ್ಣ ಒಗರು. ಚಿಕ್ಕವನಾಗಿದ್ದಾಗ ಒಮ್ಮೆ ಗೋಡೆಯ ಮೂಲೆಯಲ್ಲಿ ಕೂತು ಮಣ್ಣಿನ ಬೆರಳು ಚೀಪುತ್ತಿದ್ದ, ಅಮ್ಮ ಹಿಂದಿನಿಂದ ಬಂದು ಬೆನ್ನಿಗೆ ಬಾರಿಸಿ ಬೆರಳುಗಳಿಗೆಲ್ಲ ಹರೀಸಾದ ಖಾರ ಬಳಿದಿದ್ದಳು. ಆ ಖಾರವನ್ನೂ ಚೀಪಿ, ಅತ್ತು, ಮತ್ತೆ ಮಣ್ಣಿಗೇ ಕೈ ಹಾಕಿದ್ದ. ಎಷ್ಟು ಹಸಿವು. ಸಭೆ ತನ್ನನ್ನು ನೋಡುತ್ತಿದೆ ಎಂಬುದೇ ಒಂದು ಕ್ಷಣ ಮರೆತುಹೋಗಿ, ಅಗಿದ. ಕಲ್ಲೊಂದು ಬಿಳಿ ಟೊಪ್ಪಿಗೆಯ ಹಲ್ಲಿಗೆ ಸಿಕ್ಕಿ ಕಟಕ್ ಎಂದಿತು. ನುಂಗಿದ. ಚಪ್ಪಾಳೆ ಸಿಡಿಯಿತು. ಈಗ ವಾಕ್ಯ, ಈಗ, ಎಂದುಕೊಂಡು ಬಾಯಿ ತೆರೆದ. "ಆದರೆ..." ಎನ್ನುವಷ್ಟರಲ್ಲಿ ತುಟಿಯ ಅಂಚಿನಿಂದ ಬೂದು ಜೊಲ್ಲು ಗಲ್ಲಕ್ಕೆ, ಗಲ್ಲದಿಂದ ಟೈಗೆ ಇಳಿಯಿತು. ಮಕ್ಕಳು ಕುರ್ಚಿಗಳ ಮೇಲೆ ಹತ್ತಿ ಕೇಕೆ ಹಾಕಿದವು. ಎತ್ತಿ ಹಿಡಿದ ಮೊಬೈಲುಗಳು. ಮಬ್ರೂಕಾ ಸ್ಕಾರ್ಫ್ ಎಳೆದು ಮುಖ ಮುಚ್ಚಿಕೊಂಡಳು. ತೈಯಬ್ ಸಾಹೇಬರು ಸ್ಥಳೀಯ ರೇಡಿಯೋದವನ ಕಿವಿಗೆ, "ಬರ್ಕೊಳ್ಳಿ, ತನ್ನ ವಿಜ್ಞಾನದಲ್ಲಿ ವಿಜ್ಞಾನಿಯ ಅಚಲ ನಂಬಿಕೆ" ಎನ್ನುತ್ತಿದ್ದರು. ದಲೆಂದಾ ಮಾತ್ರ ನಗಲಿಲ್ಲ. ತಾನು ಕೆಣಕಿದ್ದು ಎಲ್ಲಿಗೆ ಹೋಗಿ ಮುಟ್ಟಿತು ಎಂದು ಅರ್ಥವಾದವಳಂತೆ ನಿಧಾನವಾಗಿ ಕೂತಳು.

ವ್ಯಾನು, ಗಾಜಿನ ಹೊಟ್ಟೆ, ಸಾಹೇಬರು ಸಂಜೆಗೆ ಮುಂಚೆ ಹಿಂದಕ್ಕೆ ಹೋದರು. ಅಕ್ಕನ ಮನೆಯಲ್ಲಿ ಉಳಿಯುತ್ತೇನೆ ಎಂದು ಶಾದ್ಲಿ ಹೇಳಿದ್ದ. ನಿಜವಾಗಿ ಮತ್ತೆ ಅಷ್ಟು ದೂರ ಅವರ ಹಿಂದೆ ಕೂರಲು ಅವನಿಗೆ ಆಗುತ್ತಿರಲಿಲ್ಲ. ಮಬ್ರೂಕಾ ಒಣಮಾಂಸ ಹಾಕಿದ ಕುಸ್‌ಕುಸ್ ತಟ್ಟೆಯನ್ನು ಎದುರಿಗೆ ಸದ್ದಾಗುವಂತೆ ಇಟ್ಟಳು.

"ತಿನ್ನು. ಅಲ್ಲ, ಹೊಟ್ಟೆ ತುಂಬಿದ್ರೆ ಬೇಡ. ಅಂಗಳದಲ್ಲಿ ಇನ್ನೂ ಬೇಕಾದಷ್ಟಿದೆ, ಒಂದು ಗುದ್ದಲಿ ಕೊಡ್ಲಾ?"

"ಅಕ್ಕಾ, ಸಾಕು."

"ಏನು ಸಾಕು? ಊರೆಲ್ಲ ನನ್ನ ಕೇಳ್ತಿದೆ, ನಿನ್ನ ತಮ್ಮನಿಗೆ ಸ್ಫಾಕ್ಸ್‌ನಲ್ಲಿ ಊಟಕ್ಕಿಲ್ವಾ ಅಂತ. ಇರಲಿ, ಅದು ನನ್ನ ಹಣೆಬರಹ. ಕ್ಲಬ್ಬಿನ ವಿಷಯ ಗೊತ್ತಾಯ್ತಾ? ಡಾಕ್ಟರೇ ತಿಂದಮೇಲೆ ಇನ್ನೇನು ಮಾತು ಅಂತ ಪುರಸಭೆಯವರು ಫೈಲು ಮುಚ್ಚಿದ್ರಂತೆ. ಒಳ್ಳೇದೇ ಆಯ್ತು ಬಿಡು, ಮಣ್ಣು ಚೆನ್ನಾಗಿದೆಯಲ್ಲ." ಅವಳು ಅವನ ಮುಖ ನೋಡಿದಳು. ಅಕ್ಕ ತಾಯಿಯ ಹಾಗೆ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದವಳು. "ಚೆನ್ನಾಗಿದೆ ತಾನೇ?"

ಶಾದ್ಲಿ ತಟ್ಟೆಯ ಅಂಚಿನಲ್ಲಿ ಚಮಚದಿಂದ ಗೀರು ಎಳೆದ. "ತಿಂಡಿ ತಿಂದ ಹೊಟ್ಟೆಗೆ ಪರವಾಗಿಲ್ಲ" ಎಂದ.

"ತಿನ್ನದ ಹೊಟ್ಟೆಗೆ?"

ಅವನು ಚಮಚ ಕೆಳಗಿಟ್ಟ. ಮಬ್ರೂಕಾ ಕೂತಲ್ಲಿಯೇ ಸ್ವಲ್ಪ ಕುಗ್ಗಿದಂತೆ ಕಂಡಿತು.

"ಮತ್ತೆ ನೀನು ಯಾಕೋ ತಿಂದೆ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. ಹೆದರಿ ತಿಂದದ್ದೇ? ಸಾಹೇಬರ ತಲೆಯಾಡಿಸುವಿಕೆಗೆ ತಿಂದದ್ದೇ? ಪ್ರಾಯಶ್ಚಿತ್ತವೇ? ಹಾಗೆ ದೊಡ್ಡದಾದ ಒಂದು ಕಾರಣ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. "ಎಲ್ಲರೂ ನೋಡ್ತಾ ಇದ್ರು" ಎಂದ.

ಅಕ್ಕ ತಟ್ಟೆ ತೆಗೆದುಕೊಂಡು ಹೋದಳು. ಅವನು ರೇಡಿಯೋದವನಿಗೆ ಫೋನ್ ಮಾಡಿದ. ಒಂದು ಸಣ್ಣ ಸ್ಪಷ್ಟೀಕರಣ ಇದೆ ಎಂದ. "ಅಯ್ಯೋ ಡಾಕ್ಟ್ರೇ, ಸುದ್ದಿ ಆಗಲೇ ಹೋಯ್ತು!" ಎಂದು ಆ ಕಡೆಯವನು ಉತ್ಸಾಹದಿಂದ ಕೂಗಿದ. "ರಾಜಧಾನಿಯವರೂ ಹಾಕಿದಾರೆ. ಸ್ಪಷ್ಟೀಕರಣ ಯಾಕೆ? ಬೇಕಿದ್ರೆ ಇನ್ನೊಂದು ಸಲ ತಿನ್ನಿ, ಈ ಸಲ ಗುಡ್ಡದ ಮುಂದೆ ನಿಂತು. ಬೆಳಕು ಚೆನ್ನಾಗಿರತ್ತೆ."

ಮರುದಿನ ಬೆಳಿಗ್ಗೆ ಸ್ಫಾಕ್ಸ್‌ಗೆ ಹೋಗುವ ಟ್ಯಾಕ್ಸಿ ಹಿಡಿಯಲು ಹೊರಟವನು ಬಳಸುದಾರಿಯಲ್ಲಿ ಶಿಶುವಿಹಾರದ ಕಡೆ ತಿರುಗಿದ. ದಲೆಂದಾಳನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳಿದರೆ ಸಾಕು, ಮುಂದಿನದು ಅವಳಿಗೆ ಬಿಟ್ಟದ್ದು ಎಂದುಕೊಂಡ. ಅದಕ್ಕೂ ಒಂದು ವಾಕ್ಯ ಹೆಣೆಯುತ್ತಿದ್ದ. 'ಕೆಲವು ಸಂದರ್ಭಗಳಲ್ಲಿ', 'ಬಹುಶಃ' ಎಂಬ ಪದಗಳನ್ನು ಎಲ್ಲೆಲ್ಲಿ ಇಡುವುದೆಂದು ನೋಡುತ್ತಿದ್ದ. ಗೇಟಿನ ಬಳಿ ಮಕ್ಕಳನ್ನು ಬಿಡಲು ಬಂದ ತಾಯಂದಿರು ಹರಟುತ್ತಾ ನಿಂತಿದ್ದರು. ಅವನನ್ನು ಕಂಡು ಒಬ್ಬಳು ಇನ್ನೊಬ್ಬಳನ್ನು ತಿವಿದಳು. ಅಂಗಳದಲ್ಲಿ, ಗುಡ್ಡದ ನೆರಳಿನಲ್ಲಿ, ಮಕ್ಕಳೆಲ್ಲ ಸಾಲಾಗಿ ನೆಲದ ಮೇಲೆ ಕೂತಿದ್ದವು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಒಬ್ಬ ಹುಡುಗಿ, ಪಾದದವರೆಗೆ ಬರುವ ಯಾರದೋ ಕೋಟು ಹಾಕಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಕಲ್ಲಿನ ಮೇಲೆ ಪ್ಲಾಸ್ಟಿಕ್ ಬಾಟಲಿ. ಅದರಾಚೆ ಗುಂಡಗಿನ ಒಬ್ಬ ಹುಡುಗ, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಗಂಭೀರವಾಗಿ ತಲೆಯಾಡಿಸಿದ. ಹುಡುಗಿ ಬಾಗಿ ಮುಷ್ಟಿ ಮಣ್ಣು ಎತ್ತಿ ಬಾಯಿಗೆ ಹಾಕಿಕೊಂಡಳು. ಅಗಿದಳು. ನುಂಗಿದಳು. ಆಮೇಲೆ ಬಾಯಿ ತೆರೆದು "ಆದರೇ..." ಎಂದು ಎಳೆದು, ಬೂದು ಜೊಲ್ಲನ್ನು ಗಲ್ಲದ ಮೇಲೆ ಎಷ್ಟು ಅಚ್ಚುಕಟ್ಟಾಗಿ ಇಳಿಬಿಟ್ಟಳೆಂದರೆ ಶಾದ್ಲಿಯ ಕೈ ತಾನಾಗಿ ತನ್ನ ಗಲ್ಲಕ್ಕೆ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದವು. "ಈಗ ನಂದು!" "ಇಲ್ಲ ನಂದು!" ಎಂದು ನೂಕಾಡಿದವು. ಬಕೆಟ್ಟಿನ ಮುಂದೆ ಸರದಿಸಾಲು ಬೆಳೆಯಿತು.

ಅವನು ಯಾವಾಗ ಓಡಿದನೋ. ಮಂಡಿಯೂರಿ ಹುಡುಗಿಯ ದವಡೆ ಹಿಡಿದು, ಬಾಯೊಳಗೆ ಬೆರಳಿಟ್ಟು ಮಣ್ಣನ್ನು ಬಳಿದು ತೆಗೆಯುತ್ತಿದ್ದ. ಹುಡುಗಿ ಕಚ್ಚಿದಳು. ಮೂಳೆಗೆ ತಾಗುವ ಹಾಗೆ ಕಚ್ಚಿದಳು. ಅವನು ಬೆರಳು ತೆಗೆಯಲಿಲ್ಲ. ತಾಯಂದಿರು ಕಿರುಚಿದರು. ದಲೆಂದಾ ಒಳಗಿನಿಂದ ಓಡಿಬಂದು ಅವನ ಕಾಲರ್ ಹಿಡಿದು ಎಳೆದಳು.

"ಮೈಮೇಲೆ ಪ್ರಜ್ಞೆ ಇದೆಯೇನ್ರೀ? ಮಗುವಿನ ಬಾಯಿಗೆ ಕೈ ಹಾಕ್ತೀರಾ?"

"ಕರಗತ್ತೆ" ಎಂದ ಶಾದ್ಲಿ. ಉಸಿರು ಸಿಗುತ್ತಿರಲಿಲ್ಲ. "ಇದು ಕರಗತ್ತೆ. ಉಗುಳಿಸಿ."

"ನಿನ್ನೆ ನೀವೇ..."

"ನಿನ್ನೆ ಹೇಳಿದ್ದು ಸುಳ್ಳು. ಎಂಟಲ್ಲ, ಇಪ್ಪತ್ತೆರಡು. ತಿಂಡಿ ತಿನ್ನಿಸಿ ಎಂಟು ಮಾಡಿದ್ವಿ. ಹಸಿದ ಮಗುವಿಗೆ ಇಪ್ಪತ್ತೆರಡು."

ಆ ವಾಕ್ಯದಲ್ಲಿ ಎಲ್ಲೂ 'ಬಹುಶಃ' ಇರಲಿಲ್ಲ ಎಂಬುದನ್ನು ಅವನು ಯಾರೋ ಬೇರೆಯವರ ಮಾತು ಕೇಳುವವನಂತೆ ಗಮನಿಸಿದ. ದಲೆಂದಾ ಕಾಲರ್ ಬಿಟ್ಟಳು. ಅವನ ಕಡೆ ಎರಡನೇ ಸಲ ನೋಡದೆ ಮಕ್ಕಳ ಕಡೆ ತಿರುಗಿ, "ಎಲ್ಲರೂ ನಲ್ಲಿ ಹತ್ರ! ಬಾಯಿ ತುಂಬ ನೀರು ತಗೊಳ್ಳಿ! ಉಗುಳಿ! ಇನ್ನೊಂದು ಸಲ!" ಎಂದು ಒಡೆದ ದನಿಯಲ್ಲಿ ಕೂಗಿದಳು. ಮಕ್ಕಳಿಗೆ ಇದು ಹೊಸ ಆಟ. ಒಬ್ಬರ ಮೇಲೊಬ್ಬರು ಉಗುಳಿ ನಕ್ಕವು.

ಗೇಟಿನ ಬಳಿ ನಿಂತಿದ್ದ ಒಬ್ಬ ತಾಯಿ ಒಳಗೆ ಬಂದಳು. "ಮತ್ತೆ ನೀವು ತಿಂದದ್ದು?" ಎಂದು ಕೇಳಿದಳು, ಗೇಲಿ ಮಾಡಲೋ ಬೇಡವೋ ಎಂದು ತಿಳಿಯದ ದನಿಯಲ್ಲಿ.

"ನಾನೂ ಏನೂ ತಿಂದಿರಲಿಲ್ಲ."

"ಥೂ, ನಿಮ್ಮ ಓದಿಗಿಷ್ಟು" ಎಂದು ಅವಳು ತನ್ನ ಮಗುವನ್ನು ಕಂಕುಳಿಗೆ ಎತ್ತಿಕೊಂಡು ಹೊರಟಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಉಳಿದವರು. ಒಬ್ಬೊಬ್ಬರೂ ಅವನನ್ನು, ರಸ್ತೆಯಲ್ಲಿ ಬಿದ್ದ ಹೊಲಸನ್ನು ಬಳಸಿ ಹೋಗುವಂತೆ ಬಳಸಿಕೊಂಡು ಹೋದರು. ಆಟ ಕೆಟ್ಟಿತೆಂದು ಮಕ್ಕಳು ಅಳುತ್ತಿದ್ದವು. "ರೈಲು ಹಳಿ ಹತ್ರ ಸೇರೋಣ, ಎಲ್ಲರಿಗೂ ಹೇಳು" ಎಂದು ಬೀದಿಯಲ್ಲಿ ಯಾರೋ ಯಾರಿಗೋ ಕೂಗಿ ಹೇಳಿದರು. ದೂರದಲ್ಲಿ ಟ್ಯಾಕ್ಸಿಯವನು ಸ್ಫಾಕ್ಸ್, ಸ್ಫಾಕ್ಸ್ ಎಂದು ಹಾರ್ನ್ ಮಾಡುತ್ತಿದ್ದ. ದಲೆಂದಾ ಒಳಗಿನಿಂದ ಒಂದು ಬಟ್ಟೆಚೂರು ತಂದು ಅವನತ್ತ ಎಸೆದಳು. "ಬೆರಳಿಗೆ ಕಟ್ಕೊಳ್ಳಿ. ಹೋಗ್ಬೇಡಿ. ಹಳಿ ಮೇಲೆ ನಿಂತು ಇದನ್ನೇ ಹೇಳಬೇಕಾಗತ್ತೆ. ಅಲ್ಲಿ ಇನ್ನೂ ಜಾಸ್ತಿ ಜನ ನೋಡ್ತಿರ್ತಾರೆ." ಅದು ಚುಚ್ಚಲು ಹೇಳಿದ್ದೋ ಸುಮ್ಮನೆ ಹೇಳಿದ್ದೋ ಅವನಿಗೆ ತಿಳಿಯಲಿಲ್ಲ.

ಅಂಗಳದಲ್ಲಿ ಕಚ್ಚಿದ ಹುಡುಗಿಯೊಬ್ಬಳೇ ಉಳಿದಿದ್ದಳು. ಅವಳ ತಾಯಿ ಬೇಗ ಬಿಟ್ಟು ಕೆಲಸಕ್ಕೆ ಹೋಗಿದ್ದಳಂತೆ. ಒದ್ದೆ ಗಲ್ಲ, ನೆಲ ಗುಡಿಸುವ ಕೋಟು. ಶಾದ್ಲಿ ಸುಸ್ತಾಗಿ ಬೋರಲು ಬಕೆಟ್ಟಿನ ಮೇಲೆ ಕೂರಲು ಹೋದ. ಹುಡುಗಿ ಓಡಿಬಂದು ಅವನನ್ನು ಎರಡೂ ಕೈಯಿಂದ ನೂಕಿದಳು.

"ಏಳು ಅಲ್ಲಿಂದ" ಎಂದಳು. "ಡಾಕ್ಟರ್ ನಾನು."

ಅವನು ಎದ್ದ.